ಕೋಳಿ ಕರುಳಿಗೆ ಗಿಡಮೂಲಿಕೆ ಎಣ್ಣೆ: ಫೀಡ್‌ಗೆ ಹಾಕಬೇಕಾ, ಹೇಗೆ ಹಾಕಬೇಕು?

ಪ್ರಶ್ನೆ, ಗೌರಿಬಿದನೂರು ಕಡೆಯ ಸದಸ್ಯರು:
ನಮಸ್ಕಾರ ಮೇಡಂ. ನಮ್ಮದು ಸ್ವಂತ ಬ್ರಾಯ್ಲರ್ ಫಾರಂ, ಬ್ಯಾಚಿಗೆ 2,000 ಮರಿ ಬಿಡುತ್ತೇವೆ. ಮುಸುಕಿನ ಜೋಳ ನಮ್ಮ ಹೊಲದ್ದೇ, ಫೀಡ್ ನಾವೇ ಮಿಕ್ಸ್ ಮಾಡಿಕೊಳ್ಳುತ್ತೇವೆ. ಮೂರನೇ ವಾರ ಬಂತು ಅಂದ್ರೆ ಹಿಕ್ಕೆ ನೀರಾಗುತ್ತದೆ. ಕಿತ್ತಳೆ ಬಣ್ಣದ ಲೋಳೆ ಕಾಣುತ್ತದೆ, ತಿಂದ ಜೋಳ ಹಾಗೇ ಹೊರಗೆ ಬಂದಿರುತ್ತದೆ. ತೂಕ ಅಲ್ಲಿಗೇ ನಿಂತುಬಿಡುತ್ತದೆ. ಇಷ್ಟು ದಿನ ಅಂಗಡಿಯವರು ಕೊಟ್ಟ ಆಂಟಿಬಯೋಟಿಕ್ ಪುಡಿ ಹಾಕುತ್ತಿದ್ದೆವು. ಈಗ ಅವರೇ ಓರೆಗಾನೊ, ಲವಂಗ, ಚಕ್ಕೆ ಎಣ್ಣೆ ಸೇರಿದ ಪುಡಿ ತೋರಿಸಿ, ಇದನ್ನು ಹಾಕಿ, ಆಂಟಿಬಯೋಟಿಕ್ ಬೇಡ ಅಂತಿದ್ದಾರೆ. ಇದು ನಿಜವಾಗಲೂ ಕೆಲಸ ಮಾಡುತ್ತಾ? ಸುಮ್ನೆ ದುಡ್ಡು ದಂಡ ಆಗುತ್ತಾ?

ಉತ್ತರ, ಪಶುವೈದ್ಯೆ:
ಕೆಲಸ ಮಾಡುತ್ತದೆ. ಆದರೆ ಯಾವ ಕೆಲಸ ಅನ್ನೋದು ಮೊದಲು ಗೊತ್ತಿರಬೇಕು. ಕಾಯಿಲೆ ಬಂದ ಮೇಲೆ ವಾಸಿ ಮಾಡುವ ಔಷಧಿ ಅದಲ್ಲ. ಮರಿ ಇಳಿಸಿದ ದಿನದಿಂದ ಫೀಡ್‌ನಲ್ಲಿದ್ದರೆ, ಕರುಳಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚಾಗದಂತೆ ತಡೆಯೋದಕ್ಕೆ ನೆರವಾಗುತ್ತದೆ, ಅಷ್ಟೇ. ಮೂರನೇ ವಾರದಲ್ಲಿ ಭೇದಿ ಶುರುವಾದ ಮೇಲೆ ತಂದು ಸುರಿದರೆ ಏನೂ ಪ್ರಯೋಜನವಿಲ್ಲ.

ನಿಮ್ಮ ಶೆಡ್‌ನಲ್ಲಿ ಏನಾಗುತ್ತಿರಬಹುದು ಅಂತ ಹೇಳುತ್ತೇನೆ. ಮೂರನೇ ವಾರ, ಕಿತ್ತಳೆ ಲೋಳೆ, ಜೀರ್ಣವಾಗದ ಜೋಳ. ಇದನ್ನು ಕೇಳಿದ ತಕ್ಷಣ ನನಗೆ ಬರುವ ಮೊದಲ ಅನುಮಾನ ಕಾಕ್ಸಿ, ಅಂದರೆ ಕಾಕ್ಸಿಡಿಯೋಸಿಸ್, ಸೂಕ್ಷ್ಮ ಪರಜೀವಿಯಿಂದ ಕರುಳಿಗೆ ಬರುವ ಕಾಯಿಲೆ. ಎಲ್ಲರೂ ಕಾಕ್ಸಿ ಅಂದ್ರೆ ರಕ್ತಭೇದಿ ಅಂತ ತಿಳಿದಿದ್ದಾರೆ. ರಕ್ತ ಕಾಣದ ಕಾಕ್ಸಿನೂ ಇದೆ. ಅದು ಸಣ್ಣಕರುಳಿನ ಒಳಪದರವನ್ನು ಸದ್ದಿಲ್ಲದೆ ತಿನ್ನುತ್ತದೆ. ಕೋಳಿ ಹೆಚ್ಚಾಗಿ ಸಾಯುವುದಿಲ್ಲ, ಆದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಹಾಗೆ ಗಾಯವಾದ ಜಾಗದಲ್ಲಿ ಪ್ರೋಟೀನ್ ಒಸರುತ್ತದೆ, ಲೋಳೆ ಜಾಸ್ತಿಯಾಗುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನೋ ಬ್ಯಾಕ್ಟೀರಿಯಾ ಆರೋಗ್ಯವಾಗಿರೋ ಕೋಳಿಯ ಕರುಳಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಅದಕ್ಕೆ ಈ ಪ್ರೋಟೀನೇ ಹಬ್ಬದೂಟ. ಅದು ಹೆಚ್ಚಿಕೊಂಡು ವಿಷ ಬಿಟ್ಟಾಗ ಬರುವುದೇ ನೆಕ್ರೋಟಿಕ್ ಎಂಟರೈಟಿಸ್. ಅಂಥ ಕೋಳಿಯನ್ನು ಕೊಯ್ದು ನೋಡಿದರೆ ಕರುಳು ಗಾಳಿ ತುಂಬಿ ಉಬ್ಬಿರುತ್ತದೆ, ಮುಟ್ಟಿದರೆ ಹರಿಯುವಷ್ಟು ತೆಳ್ಳಗಾಗಿರುತ್ತದೆ. ಉದ್ದಕ್ಕೆ ಸೀಳಿದರೆ ಒಳಗೋಡೆ ಹಳೇ ಟರ್ಕಿ ಟವಲ್ ಥರ ಒರಟಾಗಿ, ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿರುತ್ತದೆ. ವಾಸನೆಯಂತೂ ಕೆಟ್ಟದಾಗಿರುತ್ತದೆ.

ಎಣ್ಣೆ ಕೈಹಾಕುವುದು ಈ ಎರಡನೇ ಹಂತದಲ್ಲಿ. ಓರೆಗಾನೊದಲ್ಲಿ ಕಾರ್ವಾಕ್ರಾಲ್ ಇದೆ, ಥೈಮ್ ಮತ್ತು ನಮ್ಮ ಓಂಕಾಳಿನಲ್ಲಿ ಥೈಮಾಲ್, ಲವಂಗದಲ್ಲಿ ಯೂಜಿನಾಲ್, ಚಕ್ಕೆಯಲ್ಲಿ ಸಿನಮಾಲ್ಡಿಹೈಡ್. ಇದರಲ್ಲಿ ಕಾರ್ವಾಕ್ರಾಲ್, ಥೈಮಾಲ್‌ನಂಥವು ಬ್ಯಾಕ್ಟೀರಿಯಾದ ಹೊರಪೊರೆಯೊಳಗೆ ನುಸುಳಿ ಅದನ್ನು ಸಡಿಲ ಮಾಡುತ್ತವೆ. ಒಳಗಿನ ಸಾರ ಸೋರಿಹೋಗಿ ಬ್ಯಾಕ್ಟೀರಿಯಾ ಸಾಯುತ್ತದೆ. ಕ್ಲಾಸ್ಟ್ರಿಡಿಯಂ ಮೇಲೆ ಇದು ಚೆನ್ನಾಗಿ ನಡೆಯುತ್ತದೆ. ಕಾಕ್ಸಿ ಮೇಲೆ ಅಷ್ಟು ನಂಬಿಕೆ ಇಡಬೇಡಿ. ಕಾಕ್ಸಿಗೆ ಫೀಡ್‌ನಲ್ಲಿ ಕಾಕ್ಸಿಡಿಯೋಸ್ಟ್ಯಾಟ್, ಅಂದರೆ ಕಾಕ್ಸಿ ತಡೆಯುವ ಔಷಧಿ, ಬೇಕು, ಬಂದ ಮೇಲೆ ವೈದ್ಯರು ಬರೆದುಕೊಟ್ಟ ಔಷಧಿ ಬೇಕು. ನೀವೇ ಮಿಕ್ಸ್ ಮಾಡುವ ಫೀಡ್‌ನಲ್ಲಿ ಕಾಕ್ಸಿಡಿಯೋಸ್ಟ್ಯಾಟ್ ಹಾಕುತ್ತಿದ್ದೀರಾ? ಇದನ್ನು ದಯವಿಟ್ಟು ತಿಳಿಸಿ.

ಆಂಟಿಬಯೋಟಿಕ್ ಪುಡಿ ಬಿಡುವುದು ಒಳ್ಳೇದೇ. ಬೆಳವಣಿಗೆಗೆ ಅಂತ ಆಂಟಿಬಯೋಟಿಕ್ ಹಾಕುವುದನ್ನು ಯುರೋಪಿನಲ್ಲಿ 2006ರಲ್ಲೇ ನಿಲ್ಲಿಸಿದರು. ನಮ್ಮಲ್ಲಿ 2019ರಲ್ಲಿ ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್ ಅನ್ನು ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ನಿಷೇಧ ಮಾಡಿದರು. ಅದು ಮನುಷ್ಯರಿಗೆ ಬೇರೆ ಯಾವ ಔಷಧಿಯೂ ನಾಟದಿದ್ದಾಗ ಕೊಡುವ ಕೊನೆಯ ಔಷಧಿ. ಕೋಳಿ ಅಂಗಡಿಯ ಶೆಲ್ಫಿನಲ್ಲಿ ಅದಕ್ಕೆ ಜಾಗ ಇರಬಾರದು.

ಗೌರಿಬಿದನೂರು ಸದಸ್ಯರು:
ಕಾಕ್ಸಿಡಿಯೋಸ್ಟ್ಯಾಟ್ ಹಾಕುತ್ತೇವೆ ಮೇಡಂ, ಒಂದೇ ಥರದ್ದು, ಮೊದಲಿಂದಲೂ ಅದೇ. ಲಿಟರ್, ಅಂದರೆ ನೆಲದ ಹಾಸು, ಭತ್ತದ ಹೊಟ್ಟು. ಕೋಳಿ ನೀರು ಕುಡಿಯುವ ನಿಪ್ಪಲ್ ಕೆಳಗೆ ಮಾತ್ರ ಒದ್ದೆ ಇರುತ್ತದೆ, ಉಳಿದ ಕಡೆ ಚೆನ್ನಾಗಿದೆ.

ಉತ್ತರ:
ನೋಡಿ, ಎರಡು ಸುಳಿವು ನೀವೇ ಕೊಟ್ಟಿರಿ. ಒಂದೇ ಕಾಕ್ಸಿಡಿಯೋಸ್ಟ್ಯಾಟ್ ವರ್ಷಗಟ್ಟಲೆ ಹಾಕಿದರೆ ಕಾಕ್ಸಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ನಿಮ್ಮ ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರನ್ನು ಕೇಳಿ, ಬೇರೆ ಗುಂಪಿನ ಔಷಧಿಗೆ ಬದಲಿಸಿ.

ಇನ್ನು ನಿಪ್ಪಲ್ ಕೆಳಗಿನ ಒದ್ದೆ. ಕಾಕ್ಸಿ ಮೊಟ್ಟೆ ಹಿಕ್ಕೆಯಲ್ಲಿ ಹೊರಬಂದಾಗ ರೋಗ ತರುವ ಶಕ್ತಿ ಅದಕ್ಕೆ ಇರುವುದಿಲ್ಲ. ತೇವ, ಬೆಚ್ಚಗಿನ ಗಾಳಿ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿಯುತ್ತದೆ. ಕೋಳಿ ನೀರಿಗೆ ಬಂದಾಗ ಅಲ್ಲೇ ಕೆದಕುತ್ತದೆ, ಅಲ್ಲೇ ಹೆಕ್ಕುತ್ತದೆ. ಹಾಗಾಗಿ "ಅಲ್ಲಿ ಮಾತ್ರ ಒದ್ದೆ" ಅಂತ ಬಿಡಬೇಡಿ. ಒಂದು ಹಿಡಿ ಹೊಟ್ಟು ತೆಗೆದುಕೊಂಡು ಗಟ್ಟಿಯಾಗಿ ಅಮುಕಿ ಕೈ ಬಿಡಿ. ಉಂಡೆಯಾಗಿ ನಿಂತರೆ ತೇವ ಜಾಸ್ತಿ. ಸಲೀಸಾಗಿ ಉದುರಿ ಬಿದ್ದರೆ ಸರಿ. ಧೂಳೆದ್ದರೆ ತೀರಾ ಒಣಗಿದೆ ಅಂತ.

ನಿಪ್ಪಲ್ ಯಾಕೆ ಸೋರುತ್ತದೆ? ನಮ್ಮ ಚಿಕ್ಕಬಳ್ಳಾಪುರ, ಕೋಲಾರ ಕಡೆ ಆಳದ ಬೋರ್‌ವೆಲ್ ನೀರು ಗಡಸು. ಪಾತ್ರೆಯಲ್ಲಿ ಬಿಳಿ ಕೂರುತ್ತದಲ್ಲ, ಅದೇ ಸುಣ್ಣ ನಿಪ್ಪಲ್ ಪಿನ್ ಸುತ್ತಲೂ ಕೂರುತ್ತದೆ. ಪಿನ್ ಪೂರ್ತಿ ಮುಚ್ಚುವುದಿಲ್ಲ, ತೊಟ್ಟಿಕ್ಕುತ್ತಲೇ ಇರುತ್ತದೆ. ಲಿಫ್ಟಿಂಗ್ ಆದ ಮೇಲೆ, ಅಂದರೆ ಕೋಳಿ ಮಾರಾಟಕ್ಕೆ ಹೋದ ಮೇಲೆ, ಖಾಲಿ ಶೆಡ್‌ನಲ್ಲಿ ಲೈನಿಗೆ ಸಿಟ್ರಿಕ್ ಆಸಿಡ್ ನೀರು ತುಂಬಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಚೆನ್ನಾಗಿ ತೊಳೆದು ಹೊರಹಾಕಿ. ಬ್ಲೀಚಿಂಗ್ ಪೌಡರ್ ಹಾಕುವುದಿದ್ದರೆ ಆಸಿಡ್ ಪೂರ್ತಿ ಹೋದ ಮೇಲೆಯೇ ಹಾಕಿ. ಎರಡೂ ಸೇರಿದರೆ ವಿಷಗಾಳಿ ಬರುತ್ತದೆ, ಇದರಲ್ಲಿ ಉದಾಸೀನ ಬೇಡ. ಲೈನ್ ಎತ್ತರವನ್ನೂ ಕೋಳಿ ಬೆಳೆದ ಹಾಗೆ ಏರಿಸುತ್ತಾ ಹೋಗಿ. ಕತ್ತು ಮೇಲಕ್ಕೆ ಚಾಚಿ ಕುಡಿಯಬೇಕು. ತಗ್ಗಿ ಪಕ್ಕದಿಂದ ಕುಕ್ಕಿದರೆ ಅರ್ಧ ನೀರು ನೆಲಕ್ಕೇ.

ಇದನ್ನು ಸರಿ ಮಾಡದೆ ಎಷ್ಟೇ ಒಳ್ಳೆ ಎಣ್ಣೆ ಹಾಕಿದರೂ ಫಲ ಅರ್ಧಂಬರ್ಧ.

ಪ್ರಶ್ನೆ, ಗುಬ್ಬಿ ತಾಲ್ಲೂಕಿನ ಸದಸ್ಯೆ:
ಅಕ್ಕಾ, ನಾವು ಗಿರಿರಾಜ ಮತ್ತೆ ನಾಟಿ ಕೋಳಿ ಸೇರಿ ಒಂದು 150 ಸಾಕಿದ್ದೀವಿ. ಓಂಕಾಳು, ದೊಡ್ಡಪತ್ರೆ, ಬೆಳ್ಳುಳ್ಳಿ ಮನೇಲೇ ಇರುತ್ತೆ. ಅದನ್ನೇ ಕೊಟ್ಟರೆ ಸಾಲಲ್ವಾ? ಪ್ಯಾಕೆಟ್ ಯಾಕೆ ತರಬೇಕು?

ಉತ್ತರ:
ನಿಮ್ಮ ಹಿತ್ತಲಿನ ಕೋಳಿಗೆ ಧಾರಾಳವಾಗಿ ಕೊಡಿ. ದೊಡ್ಡಪತ್ರೆಯಲ್ಲೂ ಕಾರ್ವಾಕ್ರಾಲ್, ಥೈಮಾಲ್ ಇವೆ. ಎಲೆ ಸಣ್ಣಗೆ ಹೆಚ್ಚಿ ಬೆಳಗಿನ ನುಚ್ಚಿನ ಜೊತೆ ಕಲಸಿ, ಅಷ್ಟೂ ಅವತ್ತೇ ಖಾಲಿಯಾಗುವಷ್ಟು ಮಾತ್ರ. ಬೆಳ್ಳುಳ್ಳಿ ಜಜ್ಜಿದ ತಕ್ಷಣ ಹಾಕಬೇಕು, ಇಟ್ಟರೆ ಸತ್ವ ಹೋಗುತ್ತದೆ. ಮೊಟ್ಟೆ ಮಾರುವವರಾದರೆ ಬೆಳ್ಳುಳ್ಳಿ ಕೈಹಿಡಿದು ಹಾಕಿ, ಜಾಸ್ತಿಯಾದರೆ ಮೊಟ್ಟೆಗೂ ವಾಸನೆ ಬರುತ್ತದೆ.

ಆದರೆ 2,000 ಕೋಳಿಯವರು ಇದನ್ನೇ ಮಾಡೋಕೆ ಹೋದರೆ ಲೆಕ್ಕ ಕೈಕೊಡುತ್ತದೆ. ಒಂದು ಕೆಜಿ ಓಂಕಾಳಿನಲ್ಲಿ ಎಣ್ಣೆ ಇರುವುದು ಸುಮಾರು 20ರಿಂದ 40 ಗ್ರಾಂ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಥೈಮಾಲ್. ಟನ್ ಫೀಡ್‌ಗೆ 100 ಗ್ರಾಂ ಥೈಮಾಲ್ ಸೇರಬೇಕು ಅಂದುಕೊಂಡರೂ 5ರಿಂದ 10 ಕೆಜಿ ಓಂಕಾಳು ಬೇಕು. ಅದೂ ಪ್ರತಿ ಮೂಟೆಯಲ್ಲೂ ಒಂದೇ ಸಮ ಇರುವುದಿಲ್ಲ. ಮಣ್ಣು, ಮಳೆ, ಎಷ್ಟು ದಿನ ಇಟ್ಟಿದ್ದಾರೆ, ಎಲ್ಲದರ ಮೇಲೂ ಹೋಗುತ್ತದೆ. ಪ್ಯಾಕೆಟ್‌ನಲ್ಲಿ ದುಡ್ಡು ಕೊಡುವುದು ಆ ಒಂದೇ ಸಮ ಅಳತೆಗೆ.

ಪ್ರಶ್ನೆ, ಮುಳಬಾಗಿಲು ಕಡೆಯ ಸದಸ್ಯರು:
ಮೇಡಂ, ನನ್ನ ಹತ್ತಿರ ಶುದ್ಧ ಲವಂಗದ ಎಣ್ಣೆ ಇದೆ. ಫೀಡ್‌ಗೆ ಬೇಡ, ನೀರಿನ ಟ್ಯಾಂಕಿಗೆ ಹಾಕಿದರೆ ಬೇಗ ಸಿಗುತ್ತೆ ಅಲ್ವಾ?

ಉತ್ತರ:
ದಯವಿಟ್ಟು ಹಾಕಬೇಡಿ. ಲವಂಗದ ಎಣ್ಣೆ ನೀರಲ್ಲಿ ಕರಗುವುದಿಲ್ಲ, ನೀರಿಗಿಂತ ಭಾರ, ತಳಕ್ಕೆ ಇಳಿದು ಕೂರುತ್ತದೆ. ತಳದ ನೀರಿನ ಜೊತೆ ಎಣ್ಣೆ ಒಟ್ಟಿಗೆ ಲೈನಿಗೆ ಇಳಿಯಬಹುದು. ಶುದ್ಧ ಲವಂಗದ ಎಣ್ಣೆ ನಿಮ್ಮ ನಾಲಿಗೆಗೆ ತಾಗಿದರೆ ಹೇಗೆ ಉರಿಯುತ್ತದೆ? ಮರಿಯ ಬಾಯಿ, ಗಂಟಲಿಗೂ ಹಾಗೇ. ನೀರು ಕುಡಿಯುವುದನ್ನೇ ಬಿಡುತ್ತವೆ. ಪೈಪಿನ ಒಳಗೆ ಜಿಡ್ಡು ಕಟ್ಟಿ ಪಾಚಿಯಂಥ ಲೋಳೆಗೂ ದಾರಿಯಾಗುತ್ತದೆ. ನೀರಿಗೆ ಅಂತಲೇ ಮಾಡಿದ, ಕರಗುವ ಹಾಗೆ ತಯಾರಿಸಿದ ದ್ರವ ಸಿಗುತ್ತದೆ, ಅದನ್ನು ಲೇಬಲ್ ಮೇಲಿರುವ ಅಳತೆಯಲ್ಲಿ ಬಳಸಿ. ಲಸೋಟಾ, ಗಂಬೋರೋ ಲಸಿಕೆ ನೀರಿನಲ್ಲಿ ಕೊಡುವ ದಿನ ಅದೂ ಬೇಡ. ಲಸಿಕೆಯ ನೀರಿಗೆ ಕೆನೆರಹಿತ ಹಾಲಿನ ಪುಡಿ ಬಿಟ್ಟು ಬೇರೇನೂ ಸೇರಬಾರದು.

ಗೌರಿಬಿದನೂರು ಸದಸ್ಯರು:
ಫೀಡ್‌ಗೆ ಹಾಕುವುದಾದರೆ ಹೇಗೆ ಮಿಕ್ಸ್ ಮಾಡಬೇಕು ಮೇಡಂ? ಪ್ಯಾಕೆಟ್ ಮೇಲೆ ಟನ್‌ಗೆ 200 ಗ್ರಾಂ ಅಂತಿದೆ. ಖರ್ಚು ಗಿಟ್ಟುತ್ತಾ?

ಉತ್ತರ:
ಮಿಕ್ಸಿಂಗ್‌ನಲ್ಲೇ ಅರ್ಧ ಜನ ಎಡವುತ್ತಾರೆ. ಟನ್‌ಗೆ 200 ಗ್ರಾಂ ಅಂದ್ರೆ ಐದು ಕೆಜಿ ಫೀಡ್‌ನಲ್ಲಿ ಒಂದು ಗ್ರಾಂ. ನೇರವಾಗಿ ಮಿಕ್ಸರ್‌ಗೆ ಸುರಿದರೆ ಒಂದು ಮೂಟೆಗೆ ಜಾಸ್ತಿ, ಇನ್ನೊಂದಕ್ಕೆ ಏನೂ ಇಲ್ಲ. ನೀವು ಒಂದು ಸಲಕ್ಕೆ 500 ಕೆಜಿ ಮಾಡುತ್ತೀರಿ ಅಂದುಕೊಳ್ಳೋಣ. 100 ಗ್ರಾಂ ಪುಡಿಯನ್ನು ತಕ್ಕಡಿಯಲ್ಲಿ ತೂಗಿ, ಎರಡು ಕೆಜಿ ನುಣ್ಣನೆಯ ಜೋಳದ ಹಿಟ್ಟಿನಲ್ಲಿ ಕೈಯಿಂದ ಚೆನ್ನಾಗಿ ಬೆರೆಸಿ. ಅದನ್ನು 25 ಕೆಜಿ ಫೀಡ್‌ನಲ್ಲಿ ಬೆರೆಸಿ. ಮಿಕ್ಸರ್ ಅರ್ಧ ತುಂಬಿದಾಗ ಅದನ್ನು ಹಾಕಿ, ಆಮೇಲೆ ಉಳಿದದ್ದು. ಪ್ಯಾಕೆಟ್ ಒಡೆದರೆ ಬಾಯಿ ಬಿಗಿಯಾಗಿ ಕಟ್ಟಿ ತಂಪಾದ ಕಡೆ ಇಡಿ. ಬೇಸಿಗೆಯಲ್ಲಿ ತಗಡಿನ ಶೀಟ್ ಕೆಳಗೆ ಇಟ್ಟರೆ ಎಣ್ಣೆ ಆವಿಯಾಗಿ ಹೋಗಿ ಬರೀ ಪುಡಿ ಉಳಿಯುತ್ತದೆ.

ಕೊಳ್ಳುವಾಗ ಮೇಲೆ ಕೊಬ್ಬಿನ ಲೇಪ ಇರುವಂಥದ್ದು, ಅಂದರೆ ಕೋಟೆಡ್, ಕೇಳಿ. ಲೇಪವಿಲ್ಲದ ಎಣ್ಣೆ ಕರುಳಿನ ಮೇಲಿನ ಭಾಗದಲ್ಲೇ ಹೀರಿಹೋಗುತ್ತದೆ. ಕ್ಲಾಸ್ಟ್ರಿಡಿಯಂ ಇರುವ ಕೆಳಗಿನ ಭಾಗಕ್ಕೆ ಸಿಗುವುದು ಕಡಿಮೆ. ಪೆಲೆಟ್ ಮಾಡಿಸುವವರಿಗಂತೂ ಲೇಪ ಬೇಕೇ ಬೇಕು, ಪೆಲೆಟ್ ಮಿಷನ್ ಬಿಸಿಗೆ ಲೇಪವಿಲ್ಲದ್ದು ಬೇಗ ಹಾರಿಹೋಗುತ್ತದೆ. ಲೇಬಲ್ ಮೇಲೆ ಕಾರ್ವಾಕ್ರಾಲ್, ಥೈಮಾಲ್ ಎಷ್ಟು ಅಂತ ಬರೆದಿರಬೇಕು. "ಗಿಡಮೂಲಿಕೆಗಳ ಮಿಶ್ರಣ" ಅಂತ ಮಾತ್ರ ಇದ್ದರೆ ಬಿಟ್ಟುಬಿಡಿ.

ಖರ್ಚಿಗೆ ಬರೋಣ. ಪುಡಿ ಕೆಜಿಗೆ 600 ರೂಪಾಯಿ ಅಂತ ಇಟ್ಟುಕೊಂಡು ಲೆಕ್ಕ ಹಾಕಿ ತೋರಿಸುತ್ತೇನೆ, ನಿಮ್ಮ ಅಂಗಡಿ ರೇಟ್ ಹಾಕಿ ನೀವೇ ಮಾಡಿ ನೋಡಿ. 200 ಗ್ರಾಂಗೆ 120 ರೂಪಾಯಿ. ಒಂದು ಕೆಜಿ ಫೀಡ್‌ಗೆ 12 ಪೈಸೆ. ಒಂದು ಕೋಳಿ ಲಿಫ್ಟಿಂಗ್ ವೇಳೆಗೆ ಮೂರು ಕಾಲು ಕೆಜಿ ಆಸುಪಾಸು ತಿಂದರೆ ಸುಮಾರು 40 ಪೈಸೆ. ಫೀಡ್ ಕೆಜಿಗೆ 40 ರೂಪಾಯಿ ಬಿದ್ದರೆ, ಒಂದು ಕೋಳಿಗೆ 10 ಗ್ರಾಂ ಫೀಡ್ ಉಳಿದರೂ ಹಾಕಿದ ದುಡ್ಡು ಬಂತು. ಆದರೆ ಆ ಉಳಿತಾಯ ಎಲ್ಲ ಶೆಡ್‌ನಲ್ಲೂ ಬರುವುದಿಲ್ಲ. ಲಿಟರ್, ನೀರು, ಫೀಡ್ ಎಲ್ಲ ಚೊಕ್ಕವಾಗಿರುವ ಕಡೆ ಎಣ್ಣೆ ಹಾಕಿದರೂ ಬಿಟ್ಟರೂ ವ್ಯತ್ಯಾಸ ಕಾಣೋದೇ ಕಷ್ಟ. ಕರುಳಿನ ಮೇಲೆ ಒತ್ತಡ ಇರುವ ಕಡೆ ಕಾಣುತ್ತದೆ.

ಹಾಗಾಗಿ ಯಾರ ಮಾತೂ ಕೇಳಬೇಡಿ, ನನ್ನದೂ ಸೇರಿ. ಮುಂದಿನ ಬ್ಯಾಚ್‌ನಲ್ಲಿ ಶೆಡ್ ಮಧ್ಯಕ್ಕೆ ಬಲೆ ಕಟ್ಟಿ. ಒಂದೇ ಹ್ಯಾಚರಿಯ ಮರಿ, ಆ ಕಡೆ 1,000, ಈ ಕಡೆ 1,000. ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಇಲ್ಲ, ಉಳಿದದ್ದೆಲ್ಲ ಒಂದೇ. ಮೂಟೆ ಲೆಕ್ಕ ಬೇರೆ ಬೇರೆ ಬರೆಯಿರಿ. ವಾರಕ್ಕೊಮ್ಮೆ ಪ್ರತಿ ಕಡೆಯಿಂದ 50 ಕೋಳಿ ತೂಗಿ, ಕೈಗೆ ಸಿಕ್ಕ ದಪ್ಪ ಕೋಳಿಗಳನ್ನಲ್ಲ, ಒಂದು ಮೂಲೆಯಲ್ಲಿ ಪರದೆ ಹಾಕಿ ಒಳಗೆ ಬಂದಷ್ಟನ್ನೂ. ಇದೇ ಬ್ಯಾಚ್‌ನಲ್ಲಿ ಪ್ರೋಬಯೋಟಿಕ್, ಆಸಿಡಿಫೈಯರ್ ಅಂತ ಹೊಸದಾಗಿ ಬೇರೇನೂ ಸೇರಿಸಬೇಡಿ. ಸೇರಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಪ್ರಶ್ನೆ, ಮಾಲೂರು ಕಡೆಯ ಸದಸ್ಯರು:
ನಮ್ಮದು ಕಂಪನಿ ಇಂಟಿಗ್ರೇಷನ್ ಮೇಡಂ, ಅವರ ಕೋಳಿ ನಾವು ಸಾಕಿಕೊಡುತ್ತೇವೆ. ಫೀಡ್ ಅವರೇ ಕಳಿಸುತ್ತಾರೆ. ನಾವೂ ಈ ಪುಡಿ ಮೇಲೆ ಉದುರಿಸಬಹುದಾ?

ಉತ್ತರ:
ಬೇಡ. ಆ ಫೀಡ್‌ನಲ್ಲಿ ಈಗಾಗಲೇ ಏನೇನು ಇದೆ ಅಂತ ಸೂಪರ್‌ವೈಸರ್‌ನ ಕೇಳಿ, ಎಣ್ಣೆ ಇದ್ದರೂ ಇರಬಹುದು. ಮೇಲೆ ಉದುರಿಸಿದರೆ ಒಂದೇ ಸಮ ಬೆರೆಯುವುದೂ ಇಲ್ಲ, ನಾಳೆ ಎಫ್‌ಸಿಆರ್, ಅಂದರೆ ಒಂದು ಕೆಜಿ ತೂಕಕ್ಕೆ ತಿಂದ ಫೀಡ್ ಲೆಕ್ಕ, ಕೆಟ್ಟರೆ ದೂರು ನಿಮ್ಮ ಮೇಲೆ. ನಿಮ್ಮ ಕೈಯಲ್ಲಿರುವುದು ಲಿಟರ್, ನೀರು, ಗಾಳಿ. ಸಾಕಿದ್ದಕ್ಕೆ ಸಿಗುವ ಗ್ರೋಯಿಂಗ್ ಚಾರ್ಜ್ ಏರುವುದು ಅದರಿಂದಲೇ.

ಗೌರಿಬಿದನೂರು ಸದಸ್ಯರು:
ಈಗ ಶೆಡ್‌ನಲ್ಲಿರುವ ಬ್ಯಾಚ್ 22 ದಿನದ್ದು ಮೇಡಂ. ಇವತ್ತು ಎಂಟು ಸತ್ತಿವೆ. ಏನು ಮಾಡಲಿ?

ಉತ್ತರ:
ಇವುಗಳಿಗೆ ಎಣ್ಣೆಯ ಯೋಚನೆ ಬಿಡಿ. ಮೊದಲು ಕೊಯ್ದು ನೋಡಿಸಬೇಕು. ಬೆಳಿಗ್ಗೆ ಹೊತ್ತಿಗೆ ಹೊಸದಾಗಿ ಸತ್ತ ಎರಡು ಮೂರು ಕೋಳಿ, ಜೊತೆಗೆ ರೆಕ್ಕೆ ಜೋಲಿಸಿ ಸಪ್ಪಗೆ ಕೂತಿರುವ ಬದುಕಿರೋ ಎರಡು ಕೋಳಿ ತೆಗೆದುಕೊಂಡು ತಾಲ್ಲೂಕು ಪಶು ಆಸ್ಪತ್ರೆಗೆ ಹೋಗಿ. ಸತ್ತವನ್ನು ಎರಡು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಐಸ್ ಜೊತೆ ಡಬ್ಬದಲ್ಲಿಡಿ. ಫ್ರೀಜರ್‌ನಲ್ಲಿ ಇಡಬೇಡಿ, ಹೆಪ್ಪುಗಟ್ಟಿದರೆ ಕರುಳು ಓದೋಕೆ ಆಗುವುದಿಲ್ಲ. ಬಿಸಿಲಲ್ಲಿ ಮಧ್ಯಾಹ್ನದವರೆಗೂ ಬಿದ್ದದ್ದು ತಂದರೂ ಅಷ್ಟೇ, ಒಳಗೆಲ್ಲ ಕೊಳೆತಿರುತ್ತದೆ. ಅಲ್ಲಿಯ ವೈದ್ಯರು ಲ್ಯಾಬ್ ಬೇಕು ಅಂದರೆ ದೊಡ್ಡಬಳ್ಳಾಪುರದ ಮೇಲೆ ಬೆಂಗಳೂರಿನ ಹೆಬ್ಬಾಳಕ್ಕೆ ನೇರ ದಾರಿ. ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯೂ ಅಲ್ಲೇ, ವೆಟರ್ನರಿ ಕಾಲೇಜೂ ಅಲ್ಲೇ. ಅವರು ಹೇಳುವವರೆಗೆ ಅಂಗಡಿಯಿಂದ ಯಾವ ಪುಡಿಯನ್ನೂ ತಂದು ಹಾಕಬೇಡಿ. ಉಳಿದ ಸತ್ತ ಕೋಳಿಗಳನ್ನು ಸುಣ್ಣ ಹಾಕಿ ಆಳವಾಗಿ ಹೂಳಿ, ಬೋರ್‌ವೆಲ್‌ನಿಂದ ದೂರ. ನಿಪ್ಪಲ್ ಕೆಳಗಿನ ಒದ್ದೆ ಹೊಟ್ಟನ್ನು ಇವತ್ತು ಸಂಜೆಯೇ ಗೋರಿ ತೆಗೆದು ಹೊಸದು ಹಾಕಿ. ಕೊಯ್ದು ನೋಡಿ ಏನಂದರು ಅಂತ ನಾಳೆ ಇಲ್ಲೇ ಬರೆಯಿರಿ, ಔಷಧಿ ಚೀಟಿಯ ಫೋಟೋನೂ ಹಾಕಿ. ನೋಡಿ ಹೇಳುತ್ತೇನೆ.