ಹೊಸ ದವಡೆ ಹಲ್ಲು ಪುಡಿಯಾಗುತ್ತಿದೆ, ಏನು ಮಾಡಬೇಕು?

ಪ್ರಶ್ನೆ: ಮಗಳಿಗೆ 7 ವರ್ಷ. ಹೊಸದಾಗಿ ಬಂದ ದವಡೆ ಹಲ್ಲಿನ ಮೇಲೆ ಹಳದಿ-ಕಂದು ಕಲೆ, ಅಂಚು ಉದುರುತ್ತಿದೆ. ತಣ್ಣೀರು ತಾಗಿದರೆ ಅಳುತ್ತಾಳೆ, ಬ್ರಷ್ ಮುಟ್ಟಿಸಲು ಬಿಡುವುದಿಲ್ಲ. ಬಲ್ಲವರು ತಿಳಿಸಿ.

ಮಕ್ಕಳ ದಂತವೈದ್ಯೆ: ಮೇಡಂ, ಇದು ಎಂಐಎಚ್ (ಮೋಲಾರ್ ಇನ್ಸೈಸರ್ ಹೈಪೊಮಿನರಲೈಸೇಶನ್) ಇರಬಹುದು, ಅಂದರೆ ದವಡೆ ಹಲ್ಲು, ಬಾಚಿಹಲ್ಲುಗಳ ಗಟ್ಟಿ ಹೊರಪದರವಾದ ಎನಾಮೆಲ್ ಬಲಹೀನವಾಗಿರುವ ತೊಂದರೆ. ಎನಾಮೆಲ್‌ನ ದಪ್ಪ ಸರಿಯಿರುತ್ತದೆ, ಒಳಗೆ ಖನಿಜ ಸಾಲದು. ಅಗಿಯುವ ಭಾರಕ್ಕೆ ಪುಡಿಯಾಗುತ್ತದೆ. ಈ ಹಲ್ಲಿನ ಎನಾಮೆಲ್ ಕಟ್ಟುವುದು ಹುಟ್ಟಿನಿಂದ ಸುಮಾರು 3 ವರ್ಷದೊಳಗೆ. ಆ ವಯಸ್ಸಿನ ಜ್ವರ, ಕಾಯಿಲೆಗಳ ಜೊತೆ ನಂಟು ಕಂಡಿದೆ, ಇದೊಂದೇ ಕಾರಣ ಎನ್ನುವಂತಿಲ್ಲ. ಚಾಕೊಲೇಟ್ ಕೊಟ್ಟಿದ್ದಕ್ಕೆ ಹೀಗಾಯಿತು ಎಂದು ದಯವಿಟ್ಟು ಕೊರಗಬೇಡಿ. ಆರನೇ ವರ್ಷದ ನಾಲ್ಕೂ ದವಡೆ ಹಲ್ಲು, ಮುಂದಿನ ಬಾಚಿಹಲ್ಲು ಎಲ್ಲವನ್ನೂ ತೋರಿಸಿ.

ಪಾವಗಡದ ಓದುಗರು: ನಮ್ಮ ಕಡೆ ಹಲ್ಲಿನ ಕಲೆ ಎಂದರೆ ಬೋರ್‌ವೆಲ್ ನೀರಿನ ಫ್ಲೋರೈಡ್ ಎಂದೇ ತೀರ್ಮಾನ. ಹೆಚ್ಚು ಫ್ಲೋರೈಡ್‌ನಿಂದಾಗುವ ಫ್ಲೋರೋಸಿಸ್‌ನಲ್ಲಿ ಎಡಬಲ ಎರಡೂ ಕಡೆ ಒಂದೇ ರೀತಿ, ಗೆರೆಗೆರೆಯಾಗಿ ಹರಡಿದ ಬಿಳುಪು. ಎಂಐಎಚ್ ಕಲೆಗೆ ಸ್ಪಷ್ಟ ಗಡಿ ಇರುತ್ತದೆ, ಒಂದು ಹಲ್ಲು ಕೆಟ್ಟು ಅದರ ಜೋಡಿ ಚೆನ್ನಾಗಿರಬಹುದು. ಫ್ಲೋರೈಡ್ ಭಯದಿಂದ ಪೇಸ್ಟ್ ನಿಲ್ಲಿಸಿದರೆ ಇಂಥ ಹಲ್ಲು ಬೇಗ ಹುಳುಕಾಗುತ್ತದೆ.

ಡೆಂಟಲ್ ಹೈಜೀನಿಸ್ಟ್: ಮನೆಯಲ್ಲಿ ಉಗುರುಬೆಚ್ಚಗಿನ ನೀರು, ತೀರಾ ಮೆತ್ತನೆಯ ಬ್ರಷ್. ಪೇಸ್ಟ್ ಕನಿಷ್ಠ 1000 ಪಿಪಿಎಂ ಫ್ಲೋರೈಡ್‌ದು, ಬಟಾಣಿ ಕಾಳಿನಷ್ಟು, ದಿನಕ್ಕೆರಡು ಸಲ. ಉಗುಳಿಸಿ, ಬಾಯಿ ಮುಕ್ಕಳಿಸಬೇಡಿ. ನೋವೆಂದು ಆ ಹಲ್ಲನ್ನೇ ಬಿಟ್ಟು ಉಜ್ಜುವುದರಿಂದ ಅಲ್ಲೇ ಹುಳುಕು ಶುರುವಾಗುವುದು. ಇದ್ದಿಲು, ಉಪ್ಪು, ಒರಟು ಹಲ್ಲುಪುಡಿ ಬೇಡವೇ ಬೇಡ. ವೈದ್ಯರು ಹಾಲಿನ ಪ್ರೋಟೀನ್ ಇರುವ ಕ್ರೀಮ್ ಬರೆದರೆ, ಮಗುವಿಗೆ ಹಾಲಿನ ಅಲರ್ಜಿ ಇದ್ದರೆ ಮೊದಲೇ ಹೇಳಿ.

ಮಕ್ಕಳ ದಂತವೈದ್ಯೆ: ಕ್ಲಿನಿಕ್‌ನಲ್ಲಿ ಮೊದಲು 5% ಸೋಡಿಯಂ ಫ್ಲೋರೈಡ್ ವಾರ್ನಿಶ್ (ಹಲ್ಲಿಗೆ ಬಳಿಯುವ ಲೇಪ), 3 ತಿಂಗಳಿಗೊಮ್ಮೆ. ಹಲ್ಲು ಪೂರ್ತಿ ಮೇಲೆ ಬಂದಿರದಿದ್ದರೆ ಗ್ಲಾಸ್ ಅಯಾನೊಮರ್ ಎಂಬ ಸಿಮೆಂಟಿನಿಂದ ಮುಚ್ಚುವುದು ಒಳ್ಳೆಯದು, ತೇವವನ್ನು ತಡೆದುಕೊಳ್ಳುತ್ತದೆ. ಹಲ್ಲಿನ ಬಣ್ಣದ ಫಿಲ್ಲಿಂಗ್ ಪದೇಪದೇ ಬೀಳುವುದು ವೈದ್ಯರ ಕೈಗುಣದಿಂದಲ್ಲ. ಅಂಚು ದುರ್ಬಲ ಎನಾಮೆಲ್ ಮೇಲೆ ಕೂತರೆ ಅದು ಹಿಡಿಯದು. ಹೆಚ್ಚು ಉದುರಿದ್ದರೆ ಸ್ಟೀಲ್ ಕ್ಯಾಪ್ ಹಾಕಿಸಿ. ಕೆಲವು ದಿನ ಮೊದಲು ಹಲ್ಲಿನ ಸಂದಿಗೆ ರಬ್ಬರ್ ಉಂಗುರ ತೂರಿಸಿ ಜಾಗ ಮಾಡಿದರೆ ಕೊರೆಯುವುದು ಕಡಿಮೆ.

ಈ ಹಲ್ಲಿಗೆ ಅರಿವಳಿಕೆ ಚುಚ್ಚುಮದ್ದು ಸರಿಯಾಗಿ ಹಿಡಿಯದಿರುವುದು ಸಾಮಾನ್ಯ, ನರ ಮೊದಲೇ ಕೆರಳಿರುತ್ತದೆ. ಮಗು ನೋವೆಂದರೆ ನಂಬಿ, ಕೆಲಸ ನಿಲ್ಲಿಸಲು ಹೇಳಿ.

ಉಳಿಯುವ ಹಾಗಿಲ್ಲವೆಂದರೆ ಕೀಳಿಸಲು 8ರಿಂದ 10 ವರ್ಷ ಸೂಕ್ತ. ಹಿಂದಿನ ದವಡೆ ಹಲ್ಲು ಮುಂದೆ ಸರಿದು ಜಾಗ ತುಂಬಬಹುದು. ಅದಕ್ಕೆ ಮೊದಲು ಪೂರ್ತಿ ದವಡೆ ಕಾಣುವ ಒಪಿಜಿ ಎಕ್ಸ್‌ರೇ, ಹಲ್ಲು ಸಾಲು ಸರಿಪಡಿಸುವ ತಜ್ಞರ ಅಭಿಪ್ರಾಯ ಎರಡೂ ಬೇಕು.