ಹಕ್ಕಿ ನೋಡೋಕೆ ಶುರು ಮಾಡಿದ ಮೇಲೆ ಪಾಠವೂ ಬದಲಾಯ್ತು, ನಿಮಗೂ ಹೀಗಾಗಿದೆಯಾ?

ಬೀಳಗಿ ಟೀಚರ್:
ಹೈಸ್ಕೂಲಿನಲ್ಲಿ ವಿಜ್ಞಾನ ಹೇಳ್ತೀನಿ, 11 ವರ್ಷ ಆಯ್ತು. ಹೋದ ವರ್ಷ ಕ್ಲಾಸಿಗೆ ಹೋಗೋದೇ ಬೇಜಾರಾಗಿತ್ತು. ಅದೇ ನೋಟ್ಸ್, ಅದೇ ಹಳೇ ಜೋಕು. ಡಿಸೆಂಬರಿನಲ್ಲಿ ಒಂದು ಭಾನುವಾರ ಸುಮ್ನೆ ಆಲಮಟ್ಟಿ ಹಿನ್ನೀರಿನ ದಂಡೆಗೆ ಹೋಗಿ ಕೂತೆ. ಪಟ್ಟೆತಲೆ ಹೆಬ್ಬಾತುಗಳು ಬಂದಿದ್ದವು, ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ. ಸೋಮವಾರ ಎಂಟನೇ ಕ್ಲಾಸಿನಲ್ಲಿ ಅದನ್ನೇ ಹೇಳ್ತಾ, ಹಗಲೆಲ್ಲ ಸುಮ್ನೆ ಕೂತಿರ್ತವೆ, ಯಾವಾಗ ತಿಂತಾವೋ ಏನೋ ಅಂದೆ. ವರ್ಷವೆಲ್ಲ ಬಾಯಿ ಬಿಡದ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ರಾತ್ರಿ ನಮ್ಮ ಕಡ್ಲಿ ಹೊಲಕ್ಕ ಬರ್ತಾವ್ರೀ, ಅಪ್ಪ ತಾಟು ಬಡದು ಓಡಿಸ್ತಾನ." ನನಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲ ಅಂತ ಅವನೆದುರೇ ಹೇಳಿದೆ, ಮುಂದಿನ ಅರ್ಧ ಗಂಟೆ ಅವನೇ ಮಾತಾಡಿದ.
ಇದು ಬರೀ ನನ್ನ ಮನಸ್ಸಿನ ಸಮಾಧಾನಾನಾ, ಇಲ್ಲ ಕೆಲಸಕ್ಕೂ ನಿಜವಾಗಿ ಉಪಯೋಗ ಆಗುತ್ತಾ?

ಗೋಕಾಕ ಮಾಸ್ತರ್:
ಆಗುತ್ತೆ ಅಕ್ಕೋರೆ. ಗೀಜಗ ನೋಡಿದ್ದೀರಾ? ಗಂಡು ಹಕ್ಕಿ ಹುಲ್ಲು ಸೀಳಿ ತಂದು ಅರ್ಧ ಗೂಡು ನೇಯುತ್ತೆ, ಹೆಣ್ಣು ಬಂದು ಒಳಗೆ ಹೊಕ್ಕು ನೋಡುತ್ತೆ. ಹಿಡಿಸಲಿಲ್ವಾ, ಹಾರಿ ಹೋಗುತ್ತೆ. ಗಂಡು ಎಷ್ಟೋ ಸಲ ಆ ಗೂಡನ್ನ ಅಲ್ಲೇ ಬಿಟ್ಟು ಪಕ್ಕದಲ್ಲಿ ಇನ್ನೊಂದು ಶುರು ಮಾಡುತ್ತೆ. ನಾನಾದರೆ ನನ್ನ ಪಾಠ ಮಕ್ಕಳ ತಲೆಗೆ ಹೋಗದಿದ್ದರೆ ಮಕ್ಕಳನ್ನೇ ಬೈತಿದ್ದೆ! ಈಗ ಅದೇ ಪಾಠವನ್ನ ಬೇರೆ ಥರ ಹೇಳಿ ನೋಡ್ತೀನಿ. ಬೈಯೋದು ಪೂರ್ತಿ ನಿಂತಿಲ್ಲ ಬಿಡಿ.

ವಿಜಯಪುರ ಗಣಿತ:
ಕೇಳೋಕೆ ಚಂದ, ಆದರೆ ಹತ್ತನೇ ಕ್ಲಾಸಿನ ಸಿಲಬಸ್ ಯಾರು ಮುಗಿಸ್ತಾರೆ? ಒಮ್ಮೆ ಐವತ್ತು ಮಕ್ಕಳನ್ನ ಬೇವಿನ ಮರದ ಕೆಳಗೆ ಕೂಡಿಸಿದ್ದೆ. ಅರ್ಧ ಜನ ಇರುವೆ ನೋಡ್ತಾ ಕೂತರು, ಉಳಿದವರು ನಿದ್ದೆ. ನಮ್ಮ ಬಿಸಿಲೂ ಹಂಗೇ ಐತಲ್ಲ. ಒಂದು ಮಾತ್ರ ಕೈ ಹಿಡೀತು. ಅದೇ ಮರದ ನೆರಳು ಅಳೆದು, ಒಂದು ಕೋಲು ನೆಟ್ಟು ಅದರ ನೆರಳನ್ನೂ ಅಳೆದು, ಮರದ ಎತ್ತರ ಕಂಡುಹಿಡಿಸಿದೆ. ಸಮರೂಪ ತ್ರಿಭುಜ ಅಂದ್ರೆ ಓಡಿಹೋಗ್ತಿದ್ದ ಹುಡುಗಿ ಮರುದಿನ ಶಾಲೆಯ ಧ್ವಜಸ್ತಂಭ ಅಳೆದುಕೊಂಡು ಬಂದಿದ್ದಳು. ನಿಸರ್ಗದಿಂದ ನಾನು ಬೆಳೆದೆ ಅಂತೆಲ್ಲ ಹೇಳಲ್ಲ, ಆ ಪಾಠವನ್ನಂತೂ ಈಗ ಬೋರ್ಡ್ ಮೇಲೆ ಶುರು ಮಾಡಲ್ಲ.

ಬೀಳಗಿ ಟೀಚರ್:
ಸರ್, ಕೋಲಿನ ಐಡಿಯಾ ಕದ್ದೆ. ಹೆಬ್ಬಾತುಗಳು ವಾಪಸ್ ಹೋದವು. ಗೀಜಗ ಎಲ್ಲಿ ಸಿಗುತ್ತೆ ಅಂತ ಆ ಹುಡುಗನನ್ನೇ ಕೇಳಿದೆ. ಅವರ ಬಾವಿ ಮೇಲಿನ ಜಾಲಿ ಮರದಲ್ಲಿ ಗೂಡು ಕಟ್ಟುತ್ತವಂತೆ. "ಮಳಿ ಬೀಳಲಿ ತಡೀರಿ, ನಾನೇ ತೋರಿಸ್ತೀನಿ" ಅಂದಿದ್ದಾನೆ.