ಕೊಲೆಸ್ಟರಾಲ್ ಮೈಟೊಕಾಂಡ್ರಿಯದೊಳಗೆ ಹೋಗುವ ದಾರಿ

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಯ ಜೀವಕೋಶಗಳು, ತಮ್ಮಲ್ಲಿ ಶಕ್ತಿ ತಯಾರಿಸುವ ಪುಟ್ಟ ಘಟಕಗಳಾದ ಮೈಟೊಕಾಂಡ್ರಿಯದೊಳಗೆ ಕೊಲೆಸ್ಟರಾಲನ್ನು ಒಯ್ದು ಹಾರ್ಮೋನು ತಯಾರಿಸುತ್ತವೆ ಎಂದು ಪಾಠದಲ್ಲಿ ಹೇಳಿದರು. ನೀರಿನಲ್ಲಿ ಕರಗದ ವಸ್ತು ಅಲ್ಲಿಗೆ ಹೋಗುವುದು ಹೇಗೆ? ನಮ್ಮ ತಂದೆಯವರ ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿದೆ. ಅದರಿಂದ ಅವರಲ್ಲಿ ಹಾರ್ಮೋನೂ ಹೆಚ್ಚುತ್ತದೆಯೇ?

ಉತ್ತರ: ಹೆಚ್ಚುವುದಿಲ್ಲ. ಅದರ ಕಾರಣವೇ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ.

ಅಡ್ರಿನಲ್ ಗ್ರಂಥಿಯ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜೀವಕೋಶಗಳು ನೊರೆಯಂತೆ ಕಾಣುತ್ತವೆ. ಆ ಖಾಲಿ ಗುಳ್ಳೆಗಳು ಕೊಬ್ಬಿನ ಹನಿಗಳಿದ್ದ ಜಾಗಗಳು. ಸ್ಲೈಡ್ ಸಿದ್ಧಪಡಿಸುವಾಗ ಬಳಸುವ ದ್ರಾವಕಗಳಲ್ಲಿ ಕೊಬ್ಬು ಕರಗಿಹೋಗಿರುತ್ತದೆ. ಅಂದರೆ ಜೀವಕೋಶದಲ್ಲಿ ದಾಸ್ತಾನಿಗೆ ಕೊರತೆಯಿಲ್ಲ, ಕಷ್ಟವಿರುವುದು ಸಾಗಣೆಯಲ್ಲಿ. ಮೈಟೊಕಾಂಡ್ರಿಯಕ್ಕೆ ಎರಡು ಪೊರೆಗಳಿದ್ದು, 27 ಇಂಗಾಲಗಳ ಕೊಲೆಸ್ಟರಾಲನ್ನು ಕತ್ತರಿಸಿ ಈ ಹಾರ್ಮೋನುಗಳ ಮೂಲವಸ್ತುವಾದ 21 ಇಂಗಾಲಗಳ ಪ್ರೆಗ್ನೆನೊಲೋನ್ ಆಗಿಸುವ ಕಿಣ್ವವು ಒಳಪೊರೆಯಲ್ಲಿದೆ. ಎರಡು ಪೊರೆಗಳ ನಡುವೆ ಇರುವುದು ನೀರು. ತೊಗರಿ ಬೇಳೆಯ ಸಾರಿನಲ್ಲಿ ಒಗ್ಗರಣೆಯ ಎಣ್ಣೆ ಬೆರೆಯದೆ ಮೇಲೆಯೇ ನಿಲ್ಲುವಂತೆ, ಕೊಲೆಸ್ಟರಾಲ್ ಕೂಡ ಹೊರಪೊರೆಯಲ್ಲಿಯೇ ಉಳಿದು ಈ ನೀರನ್ನು ತಾನಾಗಿ ಸುಲಭವಾಗಿ ದಾಟಲಾರದು.

ಇದನ್ನು ದಾಟಿಸುವಲ್ಲಿ ಮುಖ್ಯ ಪಾತ್ರ ಸ್ಟಾರ್ ಎಂಬ ಪ್ರೋಟೀನಿನದು; 1994ರಲ್ಲಿ ಕ್ಲಾರ್ಕ್, ಸ್ಟಾಕೋ ಮತ್ತು ಸಂಗಡಿಗರು ಇಲಿಯ ಜೀವಕೋಶಗಳಿಂದ ಇದನ್ನು ಗುರುತಿಸಿದರು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಅಡ್ರಿನಲನ್ನು ಪ್ರಚೋದಿಸುವ ಎ.ಸಿ.ಟಿ.ಎಚ್. ಹಾರ್ಮೋನು ಬಂದು ತಲುಪಿದ ಕೆಲವೇ ನಿಮಿಷಗಳಲ್ಲಿ ಜೀವಕೋಶವು ಸ್ಟಾರ್ ಅನ್ನು ಹೊಸದಾಗಿ ತಯಾರಿಸತೊಡಗುತ್ತದೆ. ಈ ಪ್ರೋಟೀನಿನಲ್ಲಿ ಒಂದು ಕೊಲೆಸ್ಟರಾಲ್ ಅಣು ಸರಿಯಾಗಿ ಕೂರುವಷ್ಟು ಪೊಳ್ಳು ಜಾಗವಿದೆ. ನನಗೆ ಇದರಲ್ಲಿ ಅತ್ಯಂತ ಆಶ್ಚರ್ಯವೆನಿಸುವ ಸಂಗತಿಯೆಂದರೆ, ಸ್ಟಾರ್ ತನ್ನ ಕೆಲಸವನ್ನು ಹೊರಪೊರೆಯ ಮೇಲಿರುವಾಗಲೇ ಮಾಡಿ ಮುಗಿಸುತ್ತದೆ, ಒಳಗೆ ಸೇರಿದ ಮೇಲೆ ಅದು ನಿಷ್ಕ್ರಿಯ. 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದನ್ನು ಹೊರಪೊರೆಗೇ ಕಟ್ಟಿಹಾಕಿದಾಗ ಸಾಗಣೆ ಚೆನ್ನಾಗಿ ನಡೆಯಿತು. ನೇರವಾಗಿ ಒಳಗಿಟ್ಟಾಗ ನಡೆಯಲಿಲ್ಲ. ಹೀಗಾಗಿ ಹಾರ್ಮೋನಿನ ಪ್ರಮಾಣವನ್ನು ನಿರ್ಧರಿಸುವುದು ಸ್ಟಾರ್ ಎಂಬ ಈ ಬಾಗಿಲೇ ಹೊರತು ನಿಮ್ಮ ತಂದೆಯವರ ರಕ್ತದ ಕೊಲೆಸ್ಟರಾಲ್ ಅಲ್ಲ. ಆದರೆ ಆ ಕೊಲೆಸ್ಟರಾಲ್ ರಕ್ತನಾಳಗಳಿಗೆ ಹಾನಿಕರ. ಆದ್ದರಿಂದ ಅವರ ಚಿಕಿತ್ಸೆಯನ್ನು ದಯವಿಟ್ಟು ಮುಂದೂಡಬೇಡಿ.

ಮರುಪ್ರಶ್ನೆ: ಸರ್, ಹುಟ್ಟಿನಿಂದಲೇ ಈ ಪ್ರೋಟೀನು ಕೆಲಸ ಮಾಡದಿದ್ದರೆ?

ಉತ್ತರ: ಅದು ಲಿಪಾಯ್ಡ್ ಅಡ್ರಿನಲ್ ಹೈಪರ್‌ಪ್ಲೇಸಿಯ ಎಂಬ ಅಪರೂಪದ ಕಾಯಿಲೆ, ಸ್ಟಾರ್ ಜೀನಿನ ದೋಷವೇ ಅದಕ್ಕೆ ಕಾರಣವೆಂದು 1995ರಲ್ಲಿ ತಿಳಿಯಿತು. ಆರಂಭದಲ್ಲಿ ಸ್ವಲ್ಪ ಕೊಲೆಸ್ಟರಾಲ್ ಸ್ಟಾರ್ ಇಲ್ಲದೆಯೂ ಒಳಗೆ ಹೋಗುತ್ತದೆ. ಆದರೆ ಹೊರಗೆ ಉಳಿದದ್ದು ಕೂಡುತ್ತಾ ಹೋಗಿ ಕೊನೆಗೆ ಜೀವಕೋಶವನ್ನೇ ಕೆಡಿಸುತ್ತದೆ. ಜರಾಯುವು ಗರ್ಭವನ್ನು ಕಾಪಾಡುವ ಪ್ರೊಜೆಸ್ಟರೋನ್ ಹಾರ್ಮೋನನ್ನು ಸ್ಟಾರ್ ಇಲ್ಲದೆಯೇ ತಯಾರಿಸುವುದರಿಂದ ಗರ್ಭ ನಿಲ್ಲುತ್ತದೆ, ಮಗು ಹುಟ್ಟುತ್ತದೆ. ತೊಂದರೆ ಕಾಣಿಸುವುದು ಆಮೇಲೆ. ವಾರ್ಡಿನಲ್ಲಿ ಎಳೆಯ ಮಗು ಪದೇಪದೇ ವಾಂತಿ ಮಾಡಿಕೊಂಡು ನಿತ್ರಾಣವಾಗಿದ್ದು, ಮೈಬಣ್ಣ ಕಪ್ಪೇರಿದ್ದು, ರಕ್ತದಲ್ಲಿ ಸೋಡಿಯಂ ಇಳಿದು ಪೊಟ್ಯಾಸಿಯಂ ಏರಿದ್ದರೆ, ಅಡ್ರಿನಲ್ ಕೊರತೆಯ ಶಂಕೆಯನ್ನು ವೈದ್ಯರಿಗೆ ತಕ್ಷಣ ತಿಳಿಸಿ. ಕಾಯಿಲೆ ಖಚಿತವಾದ ಮೇಲೆ ಕೊರತೆಯಾದ ಹಾರ್ಮೋನುಗಳ ಬದಲಿಗೆ ಕೊಡುವ ಹೈಡ್ರೊಕಾರ್ಟಿಸೋನ್ ಮತ್ತು ಫ್ಲುಡ್ರೊಕಾರ್ಟಿಸೋನ್ ಔಷಧಿಗಳು ಜೀವನಪೂರ್ತಿ ಬೇಕಾಗುತ್ತವೆ; ಹಸುಗೂಸಿಗೆ ಉಪ್ಪನ್ನೂ ಲೆಕ್ಕ ಹಾಕಿ ಕೊಡುತ್ತಾರೆ.